ಪಂಪ್ ಹೊಸದು, ಫಾಲೋವರ್ ಹಳೆಯದು: ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಒಂದರ ಪ್ರಕರಣ ಅಧ್ಯಯನ

ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 4,500 ಆರ್‌ಪಿಎಂ ದಾಟುತ್ತಿದ್ದಂತೆ ಎಳೆತ ಒಮ್ಮೆಲೇ ಕೈಬಿಡುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಇಪಿಸಿ (ಎಂಜಿನ್ ನಿಯಂತ್ರಣದ ಎಚ್ಚರಿಕೆ) ದೀಪ ಹತ್ತುತ್ತದೆ. ಗಾಡಿಯನ್ನು ಬದಿಗೆ ಹಾಕಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ನಿಧಾನವಾಗಿ ಓಡಿಸುವವರಿಗೆ ತಿಂಗಳುಗಟ್ಟಲೆ ಈ ತೊಂದರೆ ಗೊತ್ತೇ ಆಗದಿರಬಹುದು. ಸ್ಕ್ಯಾನರ್‌ನಲ್ಲಿ ಸಿಕ್ಕ ಕೋಡ್ ಪಿ0087: ಫ್ಯೂಯಲ್ ರೈಲ್‌ನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆಯಲ್ಲಿ, ಒತ್ತಡ ಸಾಲದು.

ಇದೇ ದೂರು, ಇದೇ ಕೋಡ್ 9,400 ಕಿ.ಮೀ. ಹಿಂದೆಯೂ ಬಂದಿತ್ತು. ಆಗ ಹೈ ಪ್ರೆಶರ್ ಫ್ಯೂಯಲ್ ಪಂಪನ್ನು ಬದಲಿಸಿದ್ದರು, ಕಾರು ಸರಿಹೋಗಿತ್ತು. ಈಗ ಹೊಸ ಪಂಪ್ ಇದ್ದೂ ಅದೇ ತೊಂದರೆ ಮರಳಿದೆ. ಕೋಡ್ ಹೆಸರಿಸಿದ ಭಾಗ ಬದಲಾಯಿತು, ಆ ಭಾಗವನ್ನು ನಡೆಸುವ ಭಾಗವನ್ನು ಯಾರೂ ನೋಡಲಿಲ್ಲ. ಪ್ರಕರಣದ ಬೇರು ಅಲ್ಲಿದೆ. ಈ ಎಂಜಿನ್‌ನಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಸ್ಥಿತಿಯನ್ನು ಒಂದೇ ಕಾರಿನ ಮೇಲಿಟ್ಟು, ತಪಾಸಣೆಯಿಂದ ದುರಸ್ತಿಯವರೆಗೆ, ಆಮೇಲಿನ ನಿಗಾದವರೆಗೆ ಇಲ್ಲಿ ಬಿಡಿಸಿದೆ.

ಕಾರು ಮತ್ತು ಅದರ ದಾಖಲೆ

2005ರ ಮಾದರಿ, ಐದು ಬಾಗಿಲು, ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಸ್ವಯಂಚಾಲಿತ ಗೇರ್‌ಬಾಕ್ಸ್). ಎಂಜಿನ್ ಕೋಡ್ ಎಎಕ್ಸ್‌ಎಕ್ಸ್, ಅಂದರೆ ಇಎ113 ಕುಟುಂಬದ 1,984 ಸಿಸಿ ಟಿಎಫ್‌ಎಸ್‌ಐ (ನೇರ ಇಂಜೆಕ್ಷನ್ನಿನ ಟರ್ಬೊ ಪೆಟ್ರೋಲ್ ಎಂಜಿನ್). ಕಂಪನಿಯ ಅಂಕಿಯಂತೆ 200 ಪಿಎಸ್ ಶಕ್ತಿ, 1,800ರಿಂದ 5,000 ಆರ್‌ಪಿಎಂವರೆಗೆ ಸಮನಾಗಿ 280 ನ್ಯೂಟನ್ ಮೀಟರ್ ಟಾರ್ಕ್. ಮೀಟರ್ 1,78,400 ಕಿ.ಮೀ. ತೋರಿಸುತ್ತಿದೆ. 11 ವರ್ಷದಿಂದ ಒಬ್ಬರ ಕೈಯಲ್ಲೇ ಇದೆ.

ಇಂಥ ಕಾರಿನಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ ಒಂದು ಕಾಲರೇಖೆ ಮಾಡಿಕೊಳ್ಳಬೇಕು. ಇಲ್ಲಿ ಸಿಕ್ಕಿದ್ದು ಇಷ್ಟು. ಮೊದಲ 1,10,000 ಕಿ.ಮೀ.ವರೆಗೆ ಲಾಂಗ್‌ಲೈಫ್ ಪದ್ಧತಿ, ಎಂದರೆ ಗರಿಷ್ಠ 30,000 ಕಿ.ಮೀ. ಅಥವಾ ಎರಡು ವರ್ಷಕ್ಕೊಮ್ಮೆ ಆಯಿಲ್. 1,12,000ಕ್ಕೆ ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್. ಅದಾಗಿ ಎಂಟು ವರ್ಷ. 1,20,000ಕ್ಕೆ ಡಿಎಸ್‌ಜಿ ಆಯಿಲ್. 1,54,000ಕ್ಕೆ ನಾಲ್ಕು ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್. 1,69,000ಕ್ಕೆ ಹೈ ಪ್ರೆಶರ್ ಪಂಪ್. ಆ ಬಿಲ್ಲಿನಲ್ಲಿ ಪಂಪ್ ಇದೆ, ಅದರ ಒ-ರಿಂಗ್ ಇದೆ. ಪಂಪನ್ನು ನಡೆಸುವ ಪುಟ್ಟ ಭಾಗವಾದ ಫಾಲೋವರ್ ಎಂಬ ಪದ ಎಲ್ಲಿಯೂ ಇಲ್ಲ.

ಈ ಎಂಜಿನ್ ಬಲ್ಲವರಿಗೆ ಆ ಒಂದು ಸಾಲಿನ ಗೈರುಹಾಜರಿ ಸಾಕು. ಆದರೂ ಅನುಮಾನವನ್ನು ಅಳತೆಯಿಂದ ಗಟ್ಟಿ ಮಾಡಿಕೊಳ್ಳದೆ ಬಿಚ್ಚಲು ಕೂರಬಾರದು.

ಅಳತೆಗಳು

ಈ ಕಾರಿನಲ್ಲಿ ಇಂಧನ ಎರಡು ಹಂತದಲ್ಲಿ ಬರುತ್ತದೆ. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು ಸುಮಾರು 5 ಬಾರ್ ಒತ್ತಡದಲ್ಲಿ ಎಂಜಿನ್ ತನಕ ತರುತ್ತದೆ. ಅಲ್ಲಿಂದ ಮುಂದೆ, ಇಂಟೇಕ್ ಕ್ಯಾಮ್‌ಶಾಫ್ಟ್‌ನಿಂದ (ಗಾಳಿ ಒಳಬಿಡುವ ವಾಲ್ವ್‌ಗಳನ್ನು ತೆರೆಯುವ ದಂಡದಿಂದ) ಓಡುವ ಯಾಂತ್ರಿಕ ಪಂಪ್ ಅದನ್ನು ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ಸುಮಾರು 50 ಬಾರ್, ಪೂರ್ತಿ ಹೊರೆಯಲ್ಲಿ 110 ಬಾರ್ ಆಸುಪಾಸಿಗೆ ಏರಿಸಿ ರೈಲ್‌ಗೆ ಕೊಡುತ್ತದೆ. ಪಿ0087 ಬಂದಾಗ ಮೊದಲ ಪ್ರಶ್ನೆ ಇದು: ಕೊರತೆ ಕೆಳಗಿನ ಹಂತದ್ದೋ, ಮೇಲಿನ ಹಂತದ್ದೋ?

ಲ್ಯಾಪ್‌ಟಾಪ್ ಪಕ್ಕದ ಸೀಟಿನಲ್ಲಿ, ಓಡಿಸುವವರು ಒಬ್ಬರು, ನೋಡುವವರು ಇನ್ನೊಬ್ಬರು, ವಾಹನಗಳಿಲ್ಲದ ನೇರ ರಸ್ತೆ. ಮೂರನೇ ಗೇರಿನಲ್ಲಿ 2,000ದಿಂದ 6,000 ಆರ್‌ಪಿಎಂವರೆಗೆ ಒಂದೇ ಎಳೆತದ ಲಾಗ್ ತೆಗೆಯಲಾಯಿತು. ಕೆಳ ಹಂತದ ಒತ್ತಡ 5 ಬಾರ್ ಹತ್ತಿರ ಅಲುಗದೆ ನಿಂತಿತ್ತು. ಟ್ಯಾಂಕಿನ ಪಂಪ್ ಮತ್ತು ಫಿಲ್ಟರ್ ಆ ಕ್ಷಣಕ್ಕೇ ಆರೋಪಮುಕ್ತ. ರೈಲ್‌ನ ಒತ್ತಡ 3,500ರವರೆಗೆ ಬೇಡಿಕೆಯ ಬೆನ್ನಿಗೇ ಇತ್ತು, ಅಲ್ಲಿಂದ ಇಳಿಯತೊಡಗಿತು. 4,600ರಲ್ಲಿ ಕಂಪ್ಯೂಟರ್ ಕೇಳಿದ್ದು 105 ಬಾರ್, ಸಿಕ್ಕಿದ್ದು 48.

ಒತ್ತಡ ಬಿದ್ದ ರೀತಿಯನ್ನೂ ಗಮನಿಸಬೇಕು. ರೈಲ್‌ನ ರಿಲೀಫ್ ವಾಲ್ವ್ ಸಡಿಲವಾಗಿದ್ದರೆ ಒತ್ತಡ ಒಂದು ಮಟ್ಟಕ್ಕೆ ಏರಿ ಅಲ್ಲೇ ತಲೆ ತಗುಲಿದಂತೆ ನಿಲ್ಲುತ್ತದೆ. ಇಲ್ಲಿ ಹಾಗಾಗಲಿಲ್ಲ. ಇಂಧನದ ಬೇಡಿಕೆ ಏರಿದಷ್ಟೂ ಒತ್ತಡ ಇಳಿಯಿತು. ಪಂಪ್ ತಳ್ಳುವ ಪೆಟ್ರೋಲಿನ ಪ್ರಮಾಣವೇ ಸಾಲುತ್ತಿಲ್ಲ ಎಂದರ್ಥ. ಪಂಪಿನ ವಾಲ್ವ್ ಕೆಟ್ಟಿರಬೇಕು, ಇಲ್ಲವೇ ಅದರ ಪ್ಲಂಜರ್ (ಪೆಟ್ರೋಲನ್ನು ಒತ್ತುವ ಕಡ್ಡಿ) ಪೂರ್ತಿ ಸ್ಟ್ರೋಕ್ ಹೊಡೆಯುತ್ತಿಲ್ಲ.

ಅದೇ ಸಮಯದಲ್ಲಿ ಸ್ಕ್ಯಾನರ್ ತೋರಿಸುವ ಅಂಕಿಗಳ ಗುಂಪುಗಳಲ್ಲಿ ಒಂದಾದ 115ನೇ ಮೆಷರಿಂಗ್ ಬ್ಲಾಕಿನಲ್ಲಿ ಟರ್ಬೊ ಬೂಸ್ಟ್ ನೋಡಲಾಯಿತು. ಬೇಡಿಕೆ, ವಾಸ್ತವ ಎರಡೂ ಜೊತೆಜೊತೆಗೇ ಹೋಗುತ್ತಿದ್ದವು. ಎಂದರೆ ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡವನ್ನು ತಿರುಗಿಸಿಬಿಡುವ ಡೈವರ್ಟರ್ ವಾಲ್ವ್ ಚೆನ್ನಾಗಿದೆ. ಈ ಕಾರುಗಳಿಗೆ ಮೊದಲು ಬಂದ ಡೈವರ್ಟರ್ ವಾಲ್ವ್‌ನೊಳಗೆ ರಬ್ಬರ್ ಡಯಾಫ್ರಮ್ ಇರುತ್ತಿತ್ತು, ಅದು ಹರಿಯುತ್ತಿತ್ತು. ಈ ಕಾರಿನಲ್ಲಿ ಆಗಲೇ ಪಿಸ್ಟನ್ ಮಾದರಿಯ ಡಿ ಆವೃತ್ತಿ ಕೂತಿತ್ತು.

ಇನ್ನೊಂದು ಸಣ್ಣ ಅಂಕಿ 032ನೇ ಬ್ಲಾಕಿನಲ್ಲಿ ಸಿಕ್ಕಿತು. ಐಡಲ್‌ನ ಇಂಧನ ಹೊಂದಾಣಿಕೆ (ಕಂಪ್ಯೂಟರ್ ತಾನೇ ಇಂಧನವನ್ನು ಹೆಚ್ಚು ಕಡಿಮೆ ಮಾಡಿದ ಪ್ರಮಾಣ) ಪ್ಲಸ್ 8.6 ಶೇಕಡಾ, ಓಡುವಾಗಿನದು ಪ್ಲಸ್ 1.6. ಐಡಲ್‌ನಲ್ಲಿ ಮಾತ್ರ ಹೀಗೆ ಏರಿದ್ದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ. ಹೆಚ್ಚು ಗಾಳಿ ಹರಿಯುವಾಗ ಆ ಸೋರಿಕೆಯ ಪಾಲು ಕಡಿಮೆಯಾಗಿ ಅಂಕಿ ತಾನೇ ಇಳಿಯುತ್ತದೆ. ಇದು ಮುಖ್ಯ ದೂರಿಗೆ ಸಂಬಂಧಿಸಿದ್ದಲ್ಲ. ಆದರೆ ಬರೆದಿಟ್ಟುಕೊಳ್ಳಬೇಕಾದ ಅಂಕಿ, ಮುಂದೆ ಕೆಲಸಕ್ಕೆ ಬಂತು.

ಕೊನೆಗೆ ಕಂಪ್ರೆಶನ್. ನಾಲ್ಕೂ ಸಿಲಿಂಡರ್ 11.5ರಿಂದ 12.2 ಬಾರ್ ಒಳಗೆ. ಕೈಪಿಡಿಯ ಸವೆತದ ಮಿತಿ 7 ಬಾರ್, ಸಿಲಿಂಡರ್‌ಗಳ ನಡುವಿನ ಅಂತರದ ಮಿತಿ 3 ಬಾರ್. ಈ ಪರೀಕ್ಷೆಯನ್ನು ದೊಡ್ಡ ಖರ್ಚಿಗೆ ಒಪ್ಪುವ ಮೊದಲೇ ಮಾಡಿಸಬೇಕು. ಎಂಜಿನ್ನಿನ ಬುಡವೇ ಸೋತಿದ್ದರೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ.

ಪಂಪ್ ಬಿಚ್ಚಿದಾಗ

ಎಂಜಿನ್ ತಣ್ಣಗಿರಬೇಕು. ಓಡಿ ಬಂದ ತಕ್ಷಣ ರೈಲ್‌ನಲ್ಲಿ ಹತ್ತಾರು ಬಾರ್ ಒತ್ತಡ ಉಳಿದಿರುತ್ತದೆ. ಬಿಸಿ ಎಂಜಿನ್ ಮೇಲೆ ಆ ಪೆಟ್ರೋಲ್ ಚಿಮ್ಮಿದರೆ ಬೆಂಕಿ. ರಾತ್ರಿಯಿಡೀ ನಿಂತ ಗಾಡಿಯಲ್ಲೂ 17 ಎಂಎಂ ನಟ್ಟಿನ ಹೈ ಪ್ರೆಶರ್ ಪೈಪ್ ಸಡಿಲಿಸುವಾಗ ಸುತ್ತ ಬಟ್ಟೆ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಾಲು ಸುತ್ತು ತಿರುಗಿಸಿ ಕಾಯಬೇಕು. ಪಂಪ್ ಇರುವುದು ಗೇರ್‌ಬಾಕ್ಸ್ ಬದಿಯ ತುದಿಯಲ್ಲಿ, ಹೆಡ್‌ನ ಮೇಲ್ಭಾಗದಲ್ಲಿ. ಅದನ್ನು ಹಿಡಿದಿರುವುದು ಟಿ30 ಟಾರ್ಕ್ಸ್ ತಲೆಯ ಮೂರು ಬೋಲ್ಟ್. ಒಳಗಿನ ಸ್ಪ್ರಿಂಗ್ ಪಂಪನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ಆದ್ದರಿಂದ ಒಂದನ್ನೇ ಪೂರ್ತಿ ಬಿಚ್ಚದೆ ಮೂರನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಇಲ್ಲದಿದ್ದರೆ ಕೊನೆಯ ಬೋಲ್ಟಿನ ಮೇಲೆ ಪಂಪ್ ವಾಲಿ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ.

ಪಂಪ್ ಹೊರಬಂದ ಮೇಲೆ ಆ ಗುಂಡಿಯೊಳಗೆ ಮ್ಯಾಗ್ನೆಟ್ ಇಳಿಸಿದರೆ ಬರುವುದು ಫಾಲೋವರ್. ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಅಂಗುಷ್ಠಾನದ ಆಕಾರ. ಒಂದು ಕಡೆ ತೆರೆದ ಬಾಯಿ, ಇನ್ನೊಂದು ಕಡೆ ಚಪ್ಪಟೆ ಮುಖ. ಪಂಪಿನ ಪ್ಲಂಜರ್ ತೆರೆದ ಬಾಯಿಯೊಳಗೆ ಕೂರುತ್ತದೆ, ಚಪ್ಪಟೆ ಮುಖದ ಮೇಲೆ ಕ್ಯಾಮ್ ಉಜ್ಜುತ್ತದೆ. ಭಾಗದ ಸಂಖ್ಯೆ 06ಡಿ 109 309 ಸಿ. ಇಡೀ ಇಂಧನ ವ್ಯವಸ್ಥೆಯಲ್ಲೇ ಅಗ್ಗದ ಭಾಗಗಳಲ್ಲಿ ಒಂದು.

ಹೊಸ ಫಾಲೋವರ್‌ನ ಮುಖ ಕಪ್ಪಗೆ, ನುಣ್ಣಗೆ ಇರುತ್ತದೆ. ಆ ಕಪ್ಪು ಗಟ್ಟಿ ಲೇಪನವೇ ಅದರ ಆಯುಷ್ಯ. ಮೊದಲು ಲೇಪನ ಹೋಗಿ ನಡುವೆ ಬೆಳ್ಳಗೆ ಹೊಳೆಯುವ ವೃತ್ತ ಕಾಣುತ್ತದೆ, ಅಷ್ಟಾದಾಗಲೇ ಬದಲಿಸಬೇಕು. ಆಮೇಲೆ ಮುಖ ತಟ್ಟೆಯಂತೆ ತಗ್ಗುತ್ತದೆ, ಉಗುರು ಎಳೆದರೆ ಅಂಚು ತಡೆಯುತ್ತದೆ. ಲೇಪನ ಹೋದ ಮೇಲೆ ಸವೆತದ ವೇಗ ಹೆಚ್ಚುವುದರಿಂದ ಈ ಹಂತಕ್ಕೆ ಬಂದದ್ದು ಬಹಳ ದಿನ ಉಳಿಯುವುದಿಲ್ಲ. ಕೊನೆಗೆ ತೂತು.

ಈ ಕಾರಿನ ಫಾಲೋವರ್‌ನ ನಡುವೆ ತೂತು ಬಿದ್ದಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಆಚೆಬದಿ ಕಾಣುತ್ತಿತ್ತು. ತೂತಿನ ಅಂಚು ಬ್ಲೇಡಿನಷ್ಟು ತೆಳು, ಒಂದು ಕಡೆ ಚೂರು ಮುರಿದಿದೆ. 9,400 ಕಿ.ಮೀ. ಮಾತ್ರ ಓಡಿದ ಪಂಪಿನ ಪ್ಲಂಜರ್ ತುದಿ ಆ ತೂತಿನಿಂದ ಹೊರಬಂದು ನೇರ ಕ್ಯಾಮ್ ಮೇಲೆ ಉಜ್ಜಿ, ಸುತ್ತಿಗೆಯ ಏಟು ತಿಂದ ಮೊಳೆಯ ತಲೆಯಂತೆ ಅಗಲಿಸಿತ್ತು. ಟಾರ್ಚ್ ಬಿಟ್ಟು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸುತ್ತ ಒಳಗೆ ನೋಡಿದರೆ ಕ್ಯಾಮ್‌ನ ಮೂರು ಲೋಬ್‌ಗಳ (ಉಬ್ಬುಗಳ) ಮೇಲೂ ಗೀರು. ಎರಡರ ತುದಿ ದುಂಡಗಾಗಿ ಸವೆದುಹೋಗಿತ್ತು.

ಐಡಲ್‌ನಲ್ಲಿ ಎಲ್ಲ ಸರಿಯಿದ್ದು ಹೊರೆ ಬಿದ್ದಾಗ ಮಾತ್ರ ಎಳೆತ ಕೈಬಿಡುತ್ತಿದ್ದುದಕ್ಕೆ ಉತ್ತರ ಇಲ್ಲಿ ಸಿಗುತ್ತದೆ. ಫಾಲೋವರ್ ಸವೆದಷ್ಟು, ಲೋಬ್ ಸವೆದಷ್ಟು ಪ್ಲಂಜರ್‌ನ ಕೆಲಸಕ್ಕೆ ಬರುವ ಸ್ಟ್ರೋಕ್ ಕುಗ್ಗುತ್ತದೆ. ಐಡಲ್‌ಗೆ ಬೇಕಾದ ಅಲ್ಪ ಇಂಧನಕ್ಕೆ ಕುಗ್ಗಿದ ಸ್ಟ್ರೋಕೂ ಸಾಕು. ಟರ್ಬೊ ತುಂಬಿ ಊದಿದಾಗ ಸಾಲದು. 1,69,000ರಲ್ಲಿ ಹಳೆಯ ಪಂಪ್ ನಿಜವಾಗಿಯೂ ಕೆಟ್ಟಿತ್ತೋ ಇಲ್ಲವೋ ಈಗ ತಿಳಿಯುವ ದಾರಿಯಿಲ್ಲ. ಆದರೆ ಅಂದು ಮೂರು ಬೋಲ್ಟ್ ಬಿಚ್ಚಿ ಪಂಪ್ ಕೈಗೆ ಬಂದಾಗ ಫಾಲೋವರ್ ಬೆರಳಿನ ದೂರದಲ್ಲೇ ಇತ್ತು. ಅದನ್ನು ತೆಗೆದು ನೋಡದೆ ಹೊಸ ಪಂಪ್ ಕೂರಿಸಿದ್ದಕ್ಕೆ ಪಂಪ್, ಕ್ಯಾಮ್‌ಶಾಫ್ಟ್ ಎರಡೂ ಬಲಿಯಾದವು.

ಸವೆತ ಏಕೆ ಇಷ್ಟು

ಇದೇ ಎಂಜಿನ್ನಿನ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳಿಗೆ ರೋಲರ್ ಇದೆ. ಪಂಪಿಗಿಲ್ಲ. ಕ್ಯಾಮ್ ಲೋಹ ಫಾಲೋವರ್ ಲೋಹದ ಮೇಲೆ ನೇರವಾಗಿ ಜಾರುತ್ತದೆ, ನಡುವೆ ಇರುವುದು ಆಯಿಲ್ ಪೊರೆ ಒಂದೇ. ಎಂಜಿನ್ 6,000 ಆರ್‌ಪಿಎಂ ತಿರುಗುವಾಗ ಕ್ಯಾಮ್ 3,000 ಸುತ್ತುತ್ತದೆ. ಮೂರು ಲೋಬ್, ಅಂದರೆ ನಿಮಿಷಕ್ಕೆ 9,000 ಹೊಡೆತ, ಸೆಕೆಂಡಿಗೆ 150. ಪ್ರತಿ ಹೊಡೆತದಲ್ಲೂ 100 ಬಾರ್ ಒತ್ತಡದ ಪ್ರತಿರೋಧ. ಮುಂದೆ ಬಂದ ಇಎ888 ಎಂಜಿನ್ನಿನಲ್ಲಿ ಫೋಕ್ಸ್‌ವ್ಯಾಗನ್ ಈ ಜಾಗಕ್ಕೂ ರೋಲರ್ ಕೊಟ್ಟಿತು.

ಹಾಗಾದ್ದರಿಂದ ಆಯಿಲ್‌ನ ಗುಣ ಇಲ್ಲಿ ಬೇರೆ ಎಂಜಿನ್‌ಗಳಿಗಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ನೇರ ಇಂಜೆಕ್ಷನ್ನಿನ ಟರ್ಬೊ ಎಂಜಿನ್ನಿನಲ್ಲಿ, ಅದರಲ್ಲೂ ನಾಲ್ಕಾರು ಕಿ.ಮೀ. ಓಡಿ ಬಿಸಿಯಾಗುವ ಮೊದಲೇ ನಿಲ್ಲುವ ಗಾಡಿಯಲ್ಲಿ, ಪೆಟ್ರೋಲ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಡಿಪ್‌ಸ್ಟಿಕ್‌ಗೆ ಪೆಟ್ರೋಲ್ ವಾಸನೆ ಹೊಡೆದರೆ ಕಿ.ಮೀ. ನೋಡದೆ ಆಯಿಲ್ ಬದಲಿಸಬೇಕು. ಎರಡು ವರ್ಷದ ಲಾಂಗ್‌ಲೈಫ್ ಅಂತರ ಹೊಸ ಕಾರಿನ ಓಡಾಟದ ಖರ್ಚನ್ನು ಕಾಗದದ ಮೇಲೆ ಕಡಿಮೆ ತೋರಿಸಲು ಸರಿ. ಹತ್ತು ಹದಿನೈದು ವರ್ಷ ಇಟ್ಟುಕೊಳ್ಳಬೇಕೆಂಬ ಕಾರಿಗೆ ಅದು ಬೇಡವೇ ಬೇಡ.

ಫಾಲೋವರ್ ತನ್ನ ಗುಂಡಿಯಲ್ಲಿ ತಾನೇ ನಿಧಾನವಾಗಿ ತಿರುಗುತ್ತಿರಬೇಕು. ಸವೆತ ಹಂಚಿಹೋಗುವುದು ಹಾಗೆ. ಗೀರು ಬಿದ್ದು ಅಥವಾ ಮಡ್ಡಿ ಕಟ್ಟಿ ಅದು ತಿರುಗದೆ ನಿಂತರೆ ಒಂದೇ ಗೆರೆಯಲ್ಲಿ ಸವೆಯುತ್ತದೆ. ಹೆಚ್ಚು ಇಂಧನ ಕೊಡುವ ಮಾರ್ಪಾಟಿನ ಪಂಪ್ ಹಾಕಿದವರು ಇನ್ನೂ ಬೇಗ ನೋಡುತ್ತಿರಬೇಕು, ಅವುಗಳಲ್ಲಿ ಸ್ಪ್ರಿಂಗ್ ಬಿರುಸು, ಪ್ಲಂಜರ್ ದಪ್ಪ.

ದುರಸ್ತಿಯ ಕ್ರಮ

ಕ್ಯಾಮ್ ಲೋಬ್ ಸವೆದ ಮೇಲೆ ಹೊಸ ಫಾಲೋವರ್ ಹಾಕಿ ಮುಗಿಸುವಂತಿಲ್ಲ. ಗೀರು ಬಿದ್ದ ಲೋಬ್ ಹೊಸ ಲೇಪನವನ್ನು ಅರದಂತೆ ತಿನ್ನುತ್ತದೆ. ಇಂಟೇಕ್ ಕ್ಯಾಮ್‌ಶಾಫ್ಟ್ ಬದಲಾಗಲೇಬೇಕು. ಈ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಓಡಿಸುವುದು ಎಕ್ಸಾಸ್ಟ್ ಕ್ಯಾಮನ್ನು. ಇನ್ನೊಂದು ತುದಿಯಲ್ಲಿ ಸಣ್ಣ ಚೈನ್ ಎಕ್ಸಾಸ್ಟ್‌ನಿಂದ ಇಂಟೇಕ್ ಕ್ಯಾಮ್‌ಗೆ ಚಲನೆ ದಾಟಿಸುತ್ತದೆ. ಹೀಗಾಗಿ ಇಂಟೇಕ್ ಕ್ಯಾಮ್ ತೆಗೆಯಬೇಕೆಂದರೆ ಬೆಲ್ಟ್ ಇಳಿಸಬೇಕು, ಚೈನ್ ಮತ್ತು ಟೆನ್ಷನರ್ ಬಿಚ್ಚಬೇಕು. ಬೆಲ್ಟಿಗೆ ಹೇಗೂ ಎಂಟು ವರ್ಷ ಆಗಿದೆ, ಅದು ಹರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುವ ಎಂಜಿನ್ ಇದು. ಬೆಲ್ಟ್ ಬದಲಾವಣೆಯ ಅಂತರ ಕೈಪಿಡಿಯಲ್ಲಿ ಮಾರುಕಟ್ಟೆಯಿಂದ ಮಾರುಕಟ್ಟೆಗೆ ಬೇರೆ; ಹಳೆಯ ಕಾರಿಗೆ 90,000 ಕಿ.ಮೀ. ಅಥವಾ ಐದು ವರ್ಷ, ಯಾವುದು ಮೊದಲೋ ಅದು, ಎಂದು ಇಟ್ಟುಕೊಳ್ಳುವುದು ಕ್ಷೇಮ. ಬೆಲ್ಟ್, ಟೆನ್ಷನರ್, ಐಡ್ಲರ್ ರೋಲರ್, ವಾಟರ್ ಪಂಪ್, ಕ್ಯಾಮ್ ಚೈನ್, ಚೈನ್ ಟೆನ್ಷನರ್ ಎಲ್ಲವನ್ನೂ ಇದೇ ಕೂಲಿಯಲ್ಲಿ ಸೇರಿಸಲಾಯಿತು. ಬೇರೆ ಬೇರೆಯಾಗಿ ಮಾಡಿಸಿದ್ದರೆ ಅದೇ ಬಿಚ್ಚುವ ಕೆಲಸಕ್ಕೆ ಎರಡು ಸಲ ದುಡ್ಡು ಕೊಡಬೇಕಿತ್ತು.

ತೂತಿನ ಅಂಚಿನಿಂದ ಮುರಿದ ಚೂರು ಎಲ್ಲಿ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಆಯಿಲ್ ಫಿಲ್ಟರ್‌ನ ಕಾಗದದ ಮಡಿಕೆಗಳನ್ನು ಕತ್ತರಿಸಿ ಬಿಡಿಸಿ ಮ್ಯಾಗ್ನೆಟ್ ಆಡಿಸಿದರೆ ಸಿಕ್ಕಿದ್ದು ನುಣ್ಣನೆಯ ಲೋಹದ ಪುಡಿ ಮಾತ್ರ. ಚೂರು ಸಿಗದಿದ್ದ ಕಾರಣ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್ ಇಳಿಸುವ ತೀರ್ಮಾನವಾಯಿತು. ಅದು ಸಂಪ್‌ನ ತಳದ ಮಡ್ಡಿಯಲ್ಲಿ, ಎರಡು ತುಂಡಾಗಿ ಬಿದ್ದಿತ್ತು. ಅಲ್ಲಿಂದ ಆಯಿಲ್ ಹೀರುವ ಪಿಕಪ್‌ನ ಜಾಲರಿಯಲ್ಲಿ ಕರಿಕು ಕಟ್ಟಿತ್ತು, ಅದನ್ನೂ ತೊಳೆದದ್ದಾಯಿತು.

ಇಲ್ಲೊಂದು ಎಚ್ಚರಿಕೆ. ಬೆಲ್ಟ್ ಕೆಲಸಕ್ಕೆ ಬಲಬದಿಯ ಎಂಜಿನ್ ಮೌಂಟ್ ಬಿಚ್ಚಬೇಕು, ಸಾಮಾನ್ಯವಾಗಿ ಸಂಪ್ ಕೆಳಗೆ ಜಾಕ್ ಕೊಟ್ಟು ಎಂಜಿನ್ ಹಿಡಿಯುತ್ತಾರೆ. ಸಂಪನ್ನೇ ಇಳಿಸುವಾಗ ಅದು ಸಾಧ್ಯವಿಲ್ಲ. ಮೇಲಿನಿಂದ ಸಪೋರ್ಟ್ ಬಾರ್ ಹಾಕಿ ಎಂಜಿನ್ ತೂಗಿಸಬೇಕು. ಮೌಂಟ್ ಬೋಲ್ಟ್‌ಗಳು ಒಮ್ಮೆ ಬಿಗಿದರೆ ಹಿಗ್ಗುವ ಜಾತಿಯವು, ಹಳೆಯದನ್ನು ಮತ್ತೆ ಹಾಕಬಾರದು.

ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಯ ಗುರುತು ಎರಡೂ ಸೇರಿಸಿ, ಬೆಲ್ಟ್ ಇಳಿಸಿ, ಚೈನ್ ಟೆನ್ಷನರ್ ಲಾಕ್ ಮಾಡಿ, ಕ್ಯಾಮ್ ಬೇರಿಂಗ್ ಬೋಲ್ಟ್‌ಗಳನ್ನು ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ಸಡಿಲಿಸಬೇಕು. ವಾಲ್ವ್ ಸ್ಪ್ರಿಂಗ್‌ಗಳು ಕ್ಯಾಮನ್ನು ಒಂದೆಡೆಯಿಂದ ಎತ್ತುತ್ತಿರುತ್ತವೆ; ಒಂದು ತುದಿ ಪೂರ್ತಿ ಬಿಚ್ಚಿ ಇನ್ನೊಂದು ತುದಿ ಬಿಗಿಯಾಗಿಟ್ಟರೆ ಕ್ಯಾಮ್ ಬಿರುಕು ಬಿಡುತ್ತದೆ. ಹೊಸ ಕ್ಯಾಮ್ ಕೂರಿಸುವಾಗ ಲೋಬ್, ಬೇರಿಂಗ್ ಜಾಗಕ್ಕೆಲ್ಲ ಆಯಿಲ್ ಸವರಬೇಕು. ಕ್ಯಾಮ್ ಬಿಗಿದ ಮೇಲೆ ಸುಮಾರು 30 ನಿಮಿಷ ಎಂಜಿನ್ ತಿರುಗಿಸಲೇಬಾರದು. ಹೈಡ್ರಾಲಿಕ್ ಲಿಫ್ಟರ್‌ಗಳು ಹಿಗ್ಗಿ ನಿಂತಿರುತ್ತವೆ, ಅವು ಇಳಿಯುವ ಮೊದಲು ತಿರುಗಿಸಿದರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆ. ಆಮೇಲೆ ಬೆಲ್ಟ್ ಟೆನ್ಷನರ್‌ನ ಮುಳ್ಳನ್ನು ಅದರ ಕಚ್ಚಿಗೆ ಎದುರಾಗಿ ನಿಲ್ಲಿಸಿ ಬಿಗಿದು, ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತು ಮುಳ್ಳು ಎರಡನ್ನೂ ಮತ್ತೆ ನೋಡಬೇಕು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ ಕಾರಣ ಹುಡುಕಬೇಕು.

ಸಂಪ್‌ಗೆ ಗ್ಯಾಸ್ಕೆಟ್ ಇಲ್ಲ, ಲಿಕ್ವಿಡ್ ಗ್ಯಾಸ್ಕೆಟ್. ತೆಳು ಎಳೆಯಾಗಿ ಹಚ್ಚಿ ಐದು ನಿಮಿಷದೊಳಗೆ ಕೂರಿಸಬೇಕು, ಆಯಿಲ್ ಸುರಿಯುವ ಮೊದಲು ಅರ್ಧ ಗಂಟೆ ಬಿಡಬೇಕು. ದಪ್ಪಗೆ ಹಚ್ಚಿದರೆ ಒಳಗೆ ಹಿಂಡಿದ ಸಿಲಿಕೋನ್ ಉದುರಿ ಆ ಪಿಕಪ್ ಜಾಲರಿಯನ್ನೇ ಮುಚ್ಚುತ್ತದೆ. ಆಯಿಲ್ 4.6 ಲೀಟರ್, ಫೋಕ್ಸ್‌ವ್ಯಾಗನ್ 502 00 ದರ್ಜೆಯ 5ಡಬ್ಲ್ಯೂ-40. ಡ್ರೇನ್ ಬೋಲ್ಟ್ 30 ನ್ಯೂಟನ್ ಮೀಟರ್.

ಪಂಪ್ ಕೂರಿಸುವುದು ಕೊನೆಗೆ. ಹೊಸ ಫಾಲೋವರ್‌ಗೆ ಒಳಗೂ ಹೊರಗೂ ಆಯಿಲ್ ಸವರಿ ಗುಂಡಿಗೆ ಬಿಟ್ಟರೆ ತನ್ನ ತೂಕದಲ್ಲೇ ಇಳಿಯಬೇಕು. ಲೋಬ್‌ನ ತುದಿ ಎದುರಿಗಿದ್ದರೆ ಪಂಪ್ ಎತ್ತರ ನಿಂತು ಸ್ಪ್ರಿಂಗ್ ವಿರುದ್ಧ ಹೋರಾಡಬೇಕಾಗುತ್ತದೆ. ಕ್ರ್ಯಾಂಕನ್ನು ಸ್ವಲ್ಪ ತಿರುಗಿಸಿ ಲೋಬ್‌ಗಳ ನಡುವಿನ ತಗ್ಗು ಎದುರಿಗೆ ತಂದುಕೊಂಡರೆ ಕೈಯಲ್ಲೇ ಕೂರುತ್ತದೆ. ಹೊಸ ಒ-ರಿಂಗ್, ಮೂರು ಬೋಲ್ಟ್ ಸರದಿಯಂತೆ, 10 ನ್ಯೂಟನ್ ಮೀಟರ್. ತುದಿ ಅಗಲಿಸಿದ ಪ್ಲಂಜರ್ ತನ್ನ ಸೀಲನ್ನು ಕೆಡಿಸುವುದರಿಂದ ಆ 9,400 ಕಿ.ಮೀ.ಯ ಪಂಪ್ ಕೂಡ ಗುಜರಿಗೆ ಹೋಯಿತು.

ಐಡಲ್‌ನ ಆ ಎಂಟು ಶೇಕಡಾ, ವಾಲ್ವ್ ಮೇಲಿನ ಮಸಿ

ಕ್ಯಾಮ್ ಕವರ್ ಮೇಲಿನ ಪಿಸಿವಿ (ಆವಿ ಹೊರಬಿಡುವ ವಾಲ್ವ್) ಘಟಕ ಕ್ರ್ಯಾಂಕ್‌ಕೇಸಿನ ಆವಿಯನ್ನು ಐಡಲ್‌ನಲ್ಲಿ ಇಂಟೇಕ್ ಮ್ಯಾನಿಫೋಲ್ಡ್‌ಗೂ, ಬೂಸ್ಟ್ ಇದ್ದಾಗ ಟರ್ಬೊದ ಬಾಯಿಗೂ ಕಳಿಸುತ್ತದೆ. ಒಳಗಿನ ಡಯಾಫ್ರಮ್ ಹರಿದರೆ ಹೊರಗಿನ ಗಾಳಿ ಲೆಕ್ಕ ತಪ್ಪಿಸಿ ಒಳನುಗ್ಗುತ್ತದೆ. ಎಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದು ನೋಡಿದರೆ ಗೊತ್ತಾಗುತ್ತದೆ: ಈ ಕಾರಿನಲ್ಲಿ ಕ್ಯಾಪ್ ಎತ್ತಲು ಬಲ ಬೇಕಾಯಿತು, ಒಳಗಿನಿಂದ ಅಷ್ಟು ಎಳೆಯುತ್ತಿತ್ತು, ಜೊತೆಗೆ ಸಣ್ಣ ಸಿಳ್ಳೆಯ ಸದ್ದು. ಘಟಕ ಬದಲಿಸಿ 200 ಕಿ.ಮೀ. ಓಡಿಸಿದ ಮೇಲೆ ಪ್ಲಸ್ 8.6 ಇದ್ದದ್ದು ಪ್ಲಸ್ 1.2ಕ್ಕೆ ಇಳಿಯಿತು. ಇದೇ ಘಟಕದ ಚೆಕ್ ವಾಲ್ವ್ ಸೋತರೆ ಬೂಸ್ಟ್ ಕ್ರ್ಯಾಂಕ್‌ಕೇಸಿಗೆ ತಿರುಗಿ ಸೀಲ್‌ಗಳನ್ನು ಹೊರಕ್ಕೆ ದೂಡುತ್ತದೆ. ಆಯಿಲ್ ಸೋರುತ್ತಿದೆ ಎಂದು ಸೀಲ್ ಮೇಲೆ ಸೀಲ್ ಬದಲಿಸುವವರು ಮೊದಲು ನೋಡಬೇಕಾದ್ದು ಇದು.

ತಣ್ಣನೆಯ ಸ್ಟಾರ್ಟ್‌ನಲ್ಲಿ ಮೊದಲ ಅರ್ಧ ನಿಮಿಷ ಎರಡು ಮತ್ತು ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದವು, 015ನೇ ಬ್ಲಾಕಿನಲ್ಲಿ ಎಣಿಕೆ ಸಿಕ್ಕಿತು. ಕಾಯಿಲ್‌ಗಳನ್ನು ಅದಲುಬದಲು ಮಾಡಿದರೂ ಮಿಸ್ ಅದೇ ಸಿಲಿಂಡರ್‌ಗಳಲ್ಲಿ ಉಳಿಯಿತು. ನೇರ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಇಂಟೇಕ್ ವಾಲ್ವ್ ಬೆನ್ನಿನ ಮೇಲೆ ಹರಿಯುವುದೇ ಇಲ್ಲ, ಹಾಗಾಗಿ ಪಿಸಿವಿಯಿಂದ ಬಂದ ಆಯಿಲ್ ಆವಿ ಅಲ್ಲಿ ಕೂತು ಸುಟ್ಟು ಗಟ್ಟಿ ಮಸಿಯಾಗುತ್ತದೆ. ಟ್ಯಾಂಕಿಗೆ ಸುರಿಯುವ ಯಾವ ಕ್ಲೀನರ್ ಕೂಡ ಅಲ್ಲಿಗೆ ತಲುಪದು. ಮ್ಯಾನಿಫೋಲ್ಡ್ ಇಳಿಸಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಲ್ಲಿ ಊದಿ ತೆಗೆಯಬೇಕು. ಊದುವ ಪೋರ್ಟಿನ ವಾಲ್ವ್ ಪೂರ್ತಿ ಮುಚ್ಚಿರಬೇಕು. ತೆರೆದಿದ್ದರೆ ಚಿಪ್ಪು ಸಿಲಿಂಡರಿಗೆ ಬೀಳುತ್ತದೆ. ಮುಚ್ಚಿದವನ್ನು ಮೊದಲು ಮುಗಿಸಿ, ಕ್ರ್ಯಾಂಕ್ ತಿರುಗಿಸಿ ಉಳಿದವನ್ನು ಮಾಡಬೇಕು. ಇಂಜೆಕ್ಟರ್ ಹೊರಬಂದರೆ ಅದರ ಟೆಫ್ಲಾನ್ ಸೀಲ್ ಹೊಸದೇ ಆಗಬೇಕು.

ಗೇರ್‌ಬಾಕ್ಸ್

ಈ ಕಾರಿನ ಡಿಕ್ಯೂ250 ಡಿಎಸ್‌ಜಿಯಲ್ಲಿ ಕ್ಲಚ್‌ಗಳು ಆಯಿಲ್‌ನಲ್ಲೇ ಮುಳುಗಿ ಓಡುತ್ತವೆ, ಆದ್ದರಿಂದ 60,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ತಪ್ಪಿಸುವಂತಿಲ್ಲ. 1,80,000ಕ್ಕೆ ಬಾಕಿ ಇತ್ತು, ಈಗಲೇ ಮಾಡಲಾಯಿತು. ಡ್ರೇನ್ ಬೋಲ್ಟ್ ಒಳಗೆ ಒಂದು ಓವರ್‌ಫ್ಲೋ ಕೊಳವೆ ಇದೆ, 8 ಎಂಎಂ ಅಲೆನ್ ಕೀ ಬೇಕು. ಅದನ್ನೂ ಬಿಚ್ಚದಿದ್ದರೆ ಆಯಿಲ್ ಪೂರ್ತಿ ಬಸಿಯುವುದಿಲ್ಲ. ಕೊಳವೆ ಪ್ಲಾಸ್ಟಿಕ್, ಮತ್ತೆ ಹಾಕುವಾಗ 3 ನ್ಯೂಟನ್ ಮೀಟರ್ ಅಷ್ಟೆ. ಕೆಳಗಿನಿಂದ 5.2 ಲೀಟರ್ ತುಂಬಿ, ಎಂಜಿನ್ ಓಡುತ್ತಿರುವಾಗ ಗೇರ್‌ಬಾಕ್ಸ್ ಆಯಿಲ್ 35ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಹೆಚ್ಚಿನದನ್ನು ಹೊರಬಿಡಬೇಕು. 60 ಡಿಗ್ರಿಯಲ್ಲಿ ಅಳೆದರೆ ಹಿಗ್ಗಿದ ಆಯಿಲ್ ಹೆಚ್ಚು ಹೊರಹರಿದು ಗೇರ್‌ಬಾಕ್ಸ್ ಕೊರತೆಯಲ್ಲಿ ಓಡುತ್ತದೆ. ಡ್ರೇನ್ ಬೋಲ್ಟ್ 45 ನ್ಯೂಟನ್ ಮೀಟರ್.

ಕೆಳಗೆ, ಸುತ್ತ

ಮುಂದಿನ ಕಂಟ್ರೋಲ್ ಆರ್ಮ್‌ಗಳ ಹಿಂಬದಿ ಬುಷ್ ಬಿರುಕು ಬಿಟ್ಟಿದ್ದವು, ಬದಲಿಸಿ ಅಲೈನ್‌ಮೆಂಟ್. ಬುಷ್‌ನ ಕೊನೆಯ ಬಿಗಿತ ಗಾಡಿ ತನ್ನ ತೂಕದಲ್ಲಿ ನಿಂತಿರುವಾಗ ಆಗಬೇಕು, ಚಕ್ರ ತೂಗುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬ್ರೇಕ್ ಡಿಸ್ಕ್ ಮುಂದೆ 312 ಎಂಎಂ, ದಪ್ಪ 23.4 ಉಳಿದಿದೆ, ಮಿತಿ 22. ಹಿಂದೆ 286 ಎಂಎಂ, 10.9, ಮಿತಿ 10. ಇನ್ನೊಂದು ಸೆಟ್ ಪ್ಯಾಡ್ ತನಕ ಸಾಗುತ್ತದೆ.

ಬಾಡಿಯ ವಿಷಯದಲ್ಲಿ ಒಂದೇ ಮಾತು, ಆದರೆ ಮುಖ್ಯವಾದದ್ದು. ಮುಂದಿನ ಎರಡು ಫೆಂಡರ್‌ಗಳ ಒಳಗೆ, ಬಾಗಿಲಿನ ಹತ್ತಿರ, ಸದ್ದು ತಡೆಯಲು ತುರುಕಿದ ಫೋಮ್ ತುಂಡು ಇರುತ್ತದೆ. ಆರ್ಚ್ ಲೈನರ್ ಬಿಚ್ಚಿ ಎಳೆದಾಗ ಅದು ನೀರು ಕುಡಿದ ಸ್ಪಂಜಿನಷ್ಟು ಭಾರವಾಗಿತ್ತು, ಹಿಂಡಿದರೆ ಕೆಸರು ನೀರು ಸುರಿಯಿತು. ಈ ಮಾದರಿಯ ಫೆಂಡರ್ ಒಳಗಿನಿಂದ ತುಕ್ಕು ಹಿಡಿಯುವುದು ಇದರಿಂದಲೇ. ತೆಗೆದು ಬಿಸಾಡಿ, ತೊಳೆದು ಒಣಗಿಸಿ, ಮೇಣದ ಲೇಪನ ಹೊಡೆಯಬೇಕು. ಮತ್ತೆ ಹಾಕುವ ಅಗತ್ಯವಿಲ್ಲ. ಎಂಜಿನ್ನಿನ ಯಾವ ಭಾಗವಾದರೂ ಸಿಗುತ್ತದೆ. ಕೊಳೆತ ಬಾಡಿಯನ್ನು ಸರಿಪಡಿಸುವ ಖರ್ಚಿಗೆ ಕೊನೆಯಿಲ್ಲ.

ಮುಟ್ಟದೆ ಬಿಟ್ಟದ್ದು

ಚಾಲಕನ ಬಾಗಿಲಿನ ಲಾಕ್‌ನೊಳಗಿನ ಮೈಕ್ರೋಸ್ವಿಚ್ ಕೆಟ್ಟಿದೆ, ಬಾಗಿಲು ತೆರೆದರೆ ಒಳಗಿನ ದೀಪ ಹತ್ತುವುದಿಲ್ಲ. ಕಾಯಬಹುದು. ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡ ನಿಯಂತ್ರಿಸುವ ವೇಸ್ಟ್‌ಗೇಟ್ ಸಣ್ಣಗೆ ಕಿಣಿಗುಡುತ್ತದೆ. ಬೂಸ್ಟ್ ಸರಿಯಿರುವ ತನಕ ಟರ್ಬೊಗೆ ಕೈಹಾಕಬೇಕಿಲ್ಲ. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಾವಣೆ) ಮಾಡಿಸುವ ಆಸೆಯನ್ನು ಮುಂದೂಡಲಾಯಿತು. ಡಿಕ್ಯೂ250ರ ನಿಗದಿತ ಟಾರ್ಕ್ ಮಿತಿ 350 ನ್ಯೂಟನ್ ಮೀಟರ್, ಸಾಮಾನ್ಯ ಮೊದಲ ಹಂತದ ರೀಮ್ಯಾಪ್ ಅಷ್ಟಕ್ಕೆ ಮುಟ್ಟಿಬಿಡುತ್ತದೆ. ಹೆಚ್ಚು ಇಂಧನ ಎಂದರೆ ಫಾಲೋವರ್ ಮೇಲೆ ಹೆಚ್ಚು ಹೊರೆಯೂ ಹೌದು. ಹೊಸ ಕ್ಯಾಮ್ ಮತ್ತು ಫಾಲೋವರ್ ಒಂದಕ್ಕೊಂದು ಹೇಗೆ ಹೊಂದುತ್ತಿವೆ ಎಂದು ಕಣ್ಣಾರೆ ನೋಡುವ ಮೊದಲು ಅದು ಸಲ್ಲದು.

ದುರಸ್ತಿಯ ನಂತರದ ನಿಗಾ

ಮೊದಲ ಸ್ಟಾರ್ಟ್‌ಗೆ ಮುನ್ನ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ತುಸು ತುಸು ಕ್ರ್ಯಾಂಕ್ ಮಾಡಲಾಯಿತು. ಅದೇ ರಸ್ತೆ, ಅದೇ ಮೂರನೇ ಗೇರ್, ಅದೇ ಲಾಗ್: 4,600ರಲ್ಲಿ ಕೇಳಿದ್ದು 106, ಸಿಕ್ಕಿದ್ದು 105 ಬಾರ್. ಲೋಹದ ಪುಡಿ ಉಳಿದಿರಬಹುದೆಂದು 1,000 ಕಿ.ಮೀ.ಗೇ ಆಯಿಲ್, ಫಿಲ್ಟರ್ ಬದಲಿಸಿ ಹಳೆಯ ಫಿಲ್ಟರನ್ನು ಮತ್ತೆ ಕತ್ತರಿಸಿ ನೋಡಲಾಯಿತು. ಮ್ಯಾಗ್ನೆಟ್‌ಗೆ ಅಂಟಿದ್ದು ಬೆರಳಿಗೆ ತಾಗದಷ್ಟು ನುಣ್ಣನೆಯ ಮಸುಕು.

5,000 ಕಿ.ಮೀ.ಗೆ ಫಾಲೋವರ್ ಹೊರತೆಗೆದಾಗ ಮುಖ ಕಪ್ಪಗೇ ಇತ್ತು, ನಡುವೆ ನಾಣ್ಯದಗಲ ನುಣುಪು, ಉಗುರಿಗೆ ಎಲ್ಲಿಯೂ ಅಂಚು ಸಿಗಲಿಲ್ಲ. ಸವೆತ ಒಂದೇ ಕಡೆಗೆ ಸೀಮಿತವಾಗಿಲ್ಲ, ಅಂದರೆ ಗುಂಡಿಯಲ್ಲಿ ತಿರುಗುತ್ತಿದೆ. ಮುಂದಿನದು 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆಯ ಆಯಿಲ್ ಬದಲಾವಣೆಯ ಜೊತೆಗೆ, ಪ್ರತಿ ಸಲವೂ. ಮೂರು ಬೋಲ್ಟ್, ಒಂದು ಒ-ರಿಂಗ್, ಅರ್ಧ ಗಂಟೆ. ಪ್ರತಿ ತಪಾಸಣೆಗೂ ಫಾಲೋವರ್ ಮುಖದ ಫೋಟೋವನ್ನು ಅದೇ ಬೆಳಕಿನಲ್ಲಿ, ಅದೇ ಕೋನದಲ್ಲಿ ತೆಗೆದು, ಕಿ.ಮೀ. ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ಸರ್ವಿಸ್ ಕಡತಕ್ಕೆ ಸೇರಿಸಬೇಕು. ಎರಡು ಫೋಟೋ ಅಕ್ಕಪಕ್ಕ ಇಟ್ಟರೆ ಸವೆತದ ವೇಗ ಯಾವ ಮೆಕ್ಯಾನಿಕ್ ಕೈಗೆ ಗಾಡಿ ಹೋದರೂ ಅವರಿಗೆ ಕಾಣುತ್ತದೆ.